ಹಿಮ್ಮಡಿಯ ನೋವೂ ಓಟದ ಪುಸ್ತಕಗಳೂ

ಪುಸ್ತಕಗಳ ವಿಮರ್ಶೆಗೆಂದು ಕುಳಿತವನು ತನ್ನ ಕಾಲಿನ ಸುದ್ದಿಯಿಂದ ಮೊದಲು ಮಾಡುವುದು ಸಭ್ಯತೆಯಲ್ಲ. ಆದರೂ ವಾಚಕರು ಒಂದು ಗಳಿಗೆ ಸೈರಿಸಬೇಕು. ಹತ್ತು ತಿಂಗಳಿಂದ ನನ್ನ ಬಲಗಾಲಿನ ಹಿಮ್ಮಡಿ ನೋಯುತ್ತಿದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಬಚ್ಚಲಿಗೆ ಹೋಗುವ ಹದಿನೈದು ಹೆಜ್ಜೆಗಳು ಮುದುಕನ ಹೆಜ್ಜೆಗಳು. ಕಾಫಿ ಕುಡಿದು ಏಳುವ ಹೊತ್ತಿಗೆ ಬಿಗಿ ಸಡಿಲವಾಗುತ್ತದೆ. ಊರಾಚೆ ಎರಡು ಮೈಲಿ ಓಡಿದರೆ ನೋವಿತ್ತೆಂಬುದೇ ಮರೆತುಹೋಗುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಹಾಜರು. ಜೋರು ಮಾಡದೆ, ಎದ್ದೂ ಹೋಗದೆ, ಜಗುಲಿಯ ಮೇಲೆ ಸುಮ್ಮನೆ ಕುಳಿತಿರುವ ಸಾಲ ಕೊಟ್ಟವನ ಹಾಗೆ ಅದು ನನ್ನ ಮನೆಯಲ್ಲಿದೆ. ಇಂಥ ಕಾಲನ್ನು ಇಟ್ಟುಕೊಂಡು ನಾನು ಐವತ್ತು ಕಿಲೋಮೀಟರಿನ ಓಟವೊಂದಕ್ಕೆ ಹೆಸರು ಕೊಟ್ಟಿದ್ದೇನೆ. ತಯಾರಿಯ ನಡುವೆ ದೂರದ ಓಟವನ್ನು ಕುರಿತ ನಾಲ್ಕು ಪುಸ್ತಕಗಳನ್ನು ಓದಿದೆ. ಓದಿದ್ದು ಕಣ್ಣಿನಿಂದ, ಒರೆಗೆ ಹಚ್ಚಿದ್ದು ಹಿಮ್ಮಡಿಯಿಂದ. ಆದುದರಿಂದಲೇ ಈ ಪೀಠಿಕೆ.

ಮ್ಯಾರಥಾನ್ ಎಂದರೆ ೪೨ ಕಿಲೋಮೀಟರು, ೧೯೫ ಮೀಟರು. ಅದನ್ನು ಮೀರಿದ ದೂರಕ್ಕೆಲ್ಲ ಅಲ್ಟ್ರಾಮ್ಯಾರಥಾನ್ ಎಂದು ಹೆಸರು. ದಕ್ಷಿಣ ಆಫ್ರಿಕದ ಕಾಮ್ರೇಡ್ಸ್ ಓಟ ೧೯೨೧ರಲ್ಲಿ ಶುರುವಾದದ್ದು. ಸುಮಾರು ತೊಂಬತ್ತು ಕಿ.ಮೀ. ಗ್ರೀಸಿನಲ್ಲಿ ೧೯೮೩ರಿಂದ ಅಥೆನ್ಸಿನಿಂದ ಸ್ಪಾರ್ಟಾದವರೆಗೆ ೨೪೬ ಕಿ.ಮೀ. ಓಡುವವರಿದ್ದಾರೆ. ನಮ್ಮಲ್ಲಿಯೂ ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ಒಳದಾರಿಗಳಲ್ಲಿ ಮಲ್ನಾಡ್ ಅಲ್ಟ್ರಾ ಎಂಬ ಓಟ ನಡೆದುಬಂದಿದೆ. ಬೆಂಗಳೂರಿನ ಕಂಪನಿಗಳ ನೌಕರರು ಶನಿವಾರ ಬಂದು, ಬೆಟ್ಟ ಹತ್ತಿ ಇಳಿದು, ಸೋಮವಾರ ಕುಂಟುತ್ತ ಕಚೇರಿಗೆ ಹೋಗುತ್ತಾರೆ.

ನನಗೆ ಬೆಟ್ಟ ಹುಡುಕಿಕೊಂಡು ಹೋಗಬೇಕಾದ್ದಿಲ್ಲ. ಆಲೂರು ಮೈದಾನ ಸೀಮೆ ಮುಗಿದು ಮಲೆನಾಡು ಮೊದಲಾಗುವ ಊರು. ಮೂಡಲಿಗೆ ಹಾಸನದ ಕಡೆಯ ಹೊಲಗಳು. ಪಡುವಲಿಗೆ ಹೊರಟರೆ ಗದ್ದೆಯ ಬಯಲು, ಸಿಲ್ವರ್ ಓಕಿನ ನೆರಳಿನ ಕಾಫಿ, ಹೇಮಾವತಿಯ ಆಚೆಗೆ ಸಕಲೇಶಪುರದ ಗುಡ್ಡಗಳು. ಮಳೆಗಾಲದಲ್ಲಿ ಇಂಬಳ ಹತ್ತುತ್ತದೆ, ಅದೇನೂ ದೊಡ್ಡದಲ್ಲ. ದೊಡ್ಡದೆಂದರೆ ಆನೆ. ೨೦೧೪ರ ಸುಮಾರಿಗೆ ಈ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಕಾಟ ನಿಲ್ಲಲಿಲ್ಲ. ಹೀಗಾಗಿ ಪಟ್ಟಣದ ಓಟಗಾರರಂತೆ ನಾಲ್ಕೂವರೆಗೆ ಎದ್ದು ಓಡುವ ಸುಖ ನಮಗಿಲ್ಲ. ಬೆಳಕು ಚೆನ್ನಾಗಿ ಹರಿದ ಮೇಲೆ, ಆನೆ ಎಲ್ಲಿದೆಯೆಂಬ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿಕೊಂಡು ಹೊರಡಬೇಕು. ಒಂದು ದಿನ ತೋಟದ ಕೆಲಸಕ್ಕೆ ಹೊರಟ ಹೆಂಗಸರ ಗುಂಪಿಗೆ ಎದುರಾದೆ. ಅವರಲ್ಲಿ ಹಿರಿಯಳು ಗಾಬರಿಯಿಂದ ಕೇಳಿದಳು:

“ಯಾಕ್ ಮೇಷ್ಟ್ರೇ ಓಡ್ತಿದೀರಾ? ಆನೆ ಗೀನೆ ಬಂತಾ?”

“ಇಲ್ಲ ಅಕ್ಕಾ, ಸುಮ್ನೆ.”

“ಸುಮ್ನೆ ಯಾರಾದ್ರೂ ಓಡ್ತಾರಾ?”

ಈ ಪ್ರಶ್ನೆಗೆ ನಾಲ್ಕು ಪುಸ್ತಕಗಳೂ ನಾಲ್ಕು ಉತ್ತರ ಕೊಡುತ್ತವೆ. ಇವುಗಳಲ್ಲಿ ಹೆಚ್ಚು ಹೆಸರಾದದ್ದು ಜಪಾನಿನ ಕಾದಂಬರಿಕಾರ ಹರುಕಿ ಮುರಕಾಮಿಯದು. ೨೦೦೭ರಲ್ಲಿ ಜಪಾನಿ ಭಾಷೆಯಲ್ಲಿ ಬಂದ ಇದು ಮರುವರ್ಷ ‘ವಾಟ್ ಐ ಟಾಕ್ ಅಬೌಟ್ ವೆನ್ ಐ ಟಾಕ್ ಅಬೌಟ್ ರನ್ನಿಂಗ್’ ಎಂದು ಇಂಗ್ಲಿಷಿಗೆ ಬಂತು. ಸಣ್ಣ ಪುಸ್ತಕ, ದಿನಚರಿಯ ಧಾಟಿ. ಇದರಲ್ಲಿ ಜೀವ ತುಂಬಿರುವ ಭಾಗ ಒಂದು: ೧೯೯೬ರ ಜೂನ್ ತಿಂಗಳಲ್ಲಿ ಉತ್ತರ ಜಪಾನಿನ ಸರೋಮಾ ಸರೋವರದ ದಡದಲ್ಲಿ ಲೇಖಕ ಓಡಿದ ನೂರು ಕಿಲೋಮೀಟರು. ಅರ್ಧದಾರಿ ಕಳೆದ ಮೇಲೆ ಕಾಲು ಮಾತು ಕೇಳುವುದಿಲ್ಲ. ತಾನು ಮನುಷ್ಯನಲ್ಲ, ಯಂತ್ರ ಎಂದು ಆತ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಎಪ್ಪತ್ತೈದರ ಆಚೆ ನೋವು ಎಲ್ಲಿಗೋ ಹೋಗಿ, ಓಡುತ್ತಿರುವವನು ಯಾರು ಎಂಬ ಅರಿವೂ ತೆಳುವಾಗುತ್ತದೆ. ಹನ್ನೊಂದು ಗಂಟೆ ನಲವತ್ತೆರಡು ನಿಮಿಷದಲ್ಲಿ ಓಟ ಮುಗಿಯಿತು. ಇಷ್ಟಕ್ಕೇ ನಿಂತಿದ್ದರೆ ಇದು ಸಾಮಾನ್ಯ ವಿಜಯಗಾಥೆಯಾಗುತ್ತಿತ್ತು. ಮುರಕಾಮಿಯ ಹೆಚ್ಚಳವೆಂದರೆ ಅದರ ಬೆನ್ನಿಗೆ ಬಂದ ಬೇಸರವನ್ನೂ ಬರೆದದ್ದು. ಗೆದ್ದ ಮೇಲೆ ಓಡುವ ಆಸೆಯೇ ಇಳಿದುಹೋಯಿತೆಂದು, ಅದು ಬಹುಕಾಲ ಮರಳಲಿಲ್ಲವೆಂದು ಆತ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಓಟದ ಬರಹಗಾರರಲ್ಲಿ ಈ ಪ್ರಾಮಾಣಿಕತೆ ಅಪೂರ್ವ.

ಆದರೆ ಒಂದು ಮಾತನ್ನು ನಾನು ಒಪ್ಪಲಾರೆ. ಕೊನೆಯವರೆಗೂ ತಾನು ನಡೆಯಲಿಲ್ಲ ಎಂಬುದು ತನ್ನ ಗೋರಿಯ ಕಲ್ಲಿನ ಮೇಲೆ ಇರಬೇಕೆಂದು ಆತನಿಗೆ ಆಸೆ. ಸಮತಟ್ಟಾದ ದಾರಿಯ ಹೆಮ್ಮೆ ಇದು. ನಮ್ಮ ಕಡೆ ಕಾಫಿ ಮೂಟೆ ಹೊತ್ತ ಜೀಪೇ ಒಂದನೆಯ ಗೇರಿಗೆ ಇಳಿಯುವ ಏರಿನಲ್ಲಿ ಓಡುತ್ತೇನೆಂದು ಹೊರಟವನು ಶೂರನಲ್ಲ, ಲೆಕ್ಕ ಬಾರದವನು. ಅಲ್ಟ್ರಾ ಓಟದ ಪಳಗಿದವರೆಲ್ಲ ಏರು ಬಂದ ಕೂಡಲೆ ನಡೆಯುತ್ತಾರೆ. ತೊಡೆಯ ಮೇಲೆ ಕೈ ಊರಿ, ಉಸಿರು ಉಳಿಸಿಕೊಂಡು ಹತ್ತುತ್ತಾರೆ. ನಡೆಯುವುದನ್ನು ಸೋಲೆಂದು ಬಗೆದದ್ದರಿಂದ ಮುರಕಾಮಿಯ ಪುಸ್ತಕಕ್ಕೆ ಒಂದು ಬಿಗಿ ಬಂದಿದೆ. ಒಂದು ಕಿರಿದುತನವೂ ಬಂದಿದೆ. ಮೊಣಕಾಲಿನ ತೊಂದರೆಯ ಪ್ರಸ್ತಾಪ ಇಲ್ಲಿದ್ದರೂ, ದಿನವೂ ಜೊತೆಗಿರುವ ನೋವಿನ ಅನುಭವ ಇಲ್ಲ. ಆತನ ನೋವು ಓಟದ ದಿನದ ಅತಿಥಿ.

ಎರಡನೆಯದು ಕ್ರಿಸ್ಟೋಫರ್ ಮೆಕ್‌ಡೂಗಲ್ ೨೦೦೯ರಲ್ಲಿ ಬರೆದ ‘ಬಾರ್ನ್ ಟು ರನ್’. ಇದು ಹೊರಡುವುದೇ ನನ್ನ ಪ್ರಶ್ನೆಯಿಂದ: ಕಾಲು ಏಕೆ ನೋಯುತ್ತದೆ? ವೈದ್ಯರು ಓಡುವುದನ್ನು ಬಿಡು ಎನ್ನುತ್ತಾರೆ. ಲೇಖಕ ಬಿಡದೆ ಮೆಕ್ಸಿಕೋ ದೇಶದ ಆಳ ಕಣಿವೆಗಳಿಗೆ ಹೋಗುತ್ತಾನೆ. ಅಲ್ಲಿ ತೆಳು ಅಟ್ಟೆಯ ಚಪ್ಪಲಿ ಕಟ್ಟಿಕೊಂಡು ದಿನಗಟ್ಟಲೆ ಓಡಬಲ್ಲ ರರಾಮುರಿ ಜನರಿದ್ದಾರೆ. ೨೦೦೬ರಲ್ಲಿ ಅವರಿಗೂ ಅಮೆರಿಕದ ಹೆಸರಾಂತ ಓಟಗಾರರಿಗೂ ನಡೆದ ಪಂದ್ಯದಲ್ಲಿ ಅವರಲ್ಲೊಬ್ಬನಾದ ಅರ್ನುಲ್ಫೋ ಗೆಲ್ಲುತ್ತಾನೆ. ಕಥೆ ಹೇಳುವ ಕಲೆ ಈ ಲೇಖಕನಿಗೆ ಸಿದ್ಧಿಸಿದೆ. ರಾತ್ರಿ ಕೈಗೆತ್ತಿಕೊಂಡರೆ ಊಟ ತಣ್ಣಗಾಗುತ್ತದೆ. ಅದೇ ಅಪಾಯ ಕೂಡ. ಕಥೆ ಮುಂದೆ ಸಾಗಿದಂತೆ ಮೊದಲಿನ ಪ್ರಶ್ನೆಗೆ ದಪ್ಪ ಅಟ್ಟೆಯ ಬೂಟು ಎಂಬ ಖಳನಾಯಕ ಸಿಕ್ಕುತ್ತಾನೆ; ಅವನನ್ನು ಕಳಚಿ ಎಸೆದರೆ ಮನುಷ್ಯ ಮತ್ತೆ ಕಾಡಿನ ಓಟಗಾರನಾಗುತ್ತಾನೆ. ನೋವಿಗೆ ಒಬ್ಬನೇ ಖಳ, ಒಂದೇ ಪರಿಹಾರ: ಇದು ನಾಟಕಕ್ಕೆ ಸರಿ, ಕಾಲಿಗೆ ಸಾಲದು. ಬರಿಗಾಲಿನಲ್ಲಿ ಓಡಿ ಬೆಳೆದವರು ಹಿಮ್ಮಡಿಗೆ ಬದಲಾಗಿ ಪಾದದ ಮುಂಭಾಗವನ್ನು ಮೊದಲು ಊರುವುದೇ ಹೆಚ್ಚು ಎಂದು ಹಾರ್ವರ್ಡಿನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ೨೦೧೦ರಲ್ಲಿ ತೋರಿಸಿದರು, ನಿಜ. ಹಾಗೆ ಊರಿದರೆ ಮೊಣಕಾಲಿನ ಭಾರ ಇಳಿಯಬಹುದು. ಆದರೆ ಆ ಭಾರ ಮಾಯವಾಗದೆ ಮೀನಖಂಡಕ್ಕೂ ಹಿಮ್ಮಡಿಯ ಹುರಿಗೂ ಬರುತ್ತದೆ. ನನ್ನಂಥವನಿಗೆ ಇದು ಹುಣ್ಣಿನ ಮೇಲೆ ಕಡ್ಡಿ ಆಡಿಸಿದ ಹಾಗೆ. ನನ್ನ ನೋವಿಗೆ ಖಳನಾಯಕ ಬೇಕಿದ್ದರೆ ಅವನು ನಾನೇ. ವಾರಕ್ಕೆ ಮೂವತ್ತು ಕಿ.ಮೀ. ಓಡುತ್ತಿದ್ದವನು ಒಂದೇ ತಿಂಗಳಲ್ಲಿ ಅದನ್ನು ಅರವತ್ತು ಮಾಡಿದೆ.

ಮೂರನೆಯ ಪುಸ್ತಕದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್ ನೂರು ಮೈಲಿಯ ಓಟವನ್ನು ಸತತವಾಗಿ ಏಳು ಸಲ ಗೆದ್ದ ಸ್ಕಾಟ್ ಜ್ಯುರೆಕನ ‘ಈಟ್ ಅಂಡ್ ರನ್’ (೨೦೧೨) ಅದು. ೨೦೦೭ರಲ್ಲಿ ಕೊಲರಾಡೋ ಪರ್ವತಗಳ ಹಾರ್ಡ್‌ರಾಕ್ ಓಟಕ್ಕೆ ತುಸು ಮುಂಚೆ ಆತನ ಪಾದದ ಕೀಲು ಉಳುಕಿ ಊದಿತ್ತು. ಕಟ್ಟು ಬಿಗಿದುಕೊಂಡು ನೂರು ಮೈಲಿ ಓಡಿ ಗೆದ್ದ, ದಾಖಲೆಯನ್ನೂ ಮುರಿದ. ಬೆರಗಾಗಬೇಕಾದ ಸಾಹಸವೇ. ಓದಿ ಮುಗಿಸಿದಾಗ ಮಾತ್ರ, ದೇವರ ಚರಿತ್ರೆ ಕೇಳಿ ಮನೆಗೆ ಬಂದವನಿಗೆ ಒಲೆ ಹಚ್ಚುವುದು ಹೇಗೆಂಬ ಚಿಂತೆ ಉಳಿದಂತೆ ನನಗೆ ಉಳಿಯಿತು.

ಹಿಮ್ಮಡಿಯ ಹಿಂದಿನ ಆ ಹುರಿಯನ್ನು ನಮ್ಮ ಜನ ‘ನರ’ ಎನ್ನುತ್ತಾರೆ. ಅದು ನರವಲ್ಲ, ಮೀನಖಂಡವನ್ನು ಎಲುಬಿಗೆ ಕಟ್ಟಿದ ಹಗ್ಗ. ರಕ್ತಸಂಚಾರ ಕಡಿಮೆ, ಕೆಟ್ಟರೆ ಮಾಗುವುದು ನಿಧಾನ. ಇದರ ಚಿಕಿತ್ಸೆಗೆ ಒಂದು ಚರಿತ್ರೆಯಿದೆ. ಅದು ಈ ಮೂರು ಪುಸ್ತಕಗಳ ಯಾವ ಕಥೆಗಿಂತಲೂ ಸೊಗಸಾಗಿದೆ. ಸ್ವೀಡನ್ನಿನ ಮೂಳೆ ವೈದ್ಯ ಹೋಕನ್ ಆಲ್ಫ್ರೆಡ್‌ಸನ್ ತಾನೂ ಓಟಗಾರ, ತನಗೂ ಇದೇ ನೋವು. ಶಸ್ತ್ರಚಿಕಿತ್ಸೆ ಮಾಡಿ ಎಂದು ಕೇಳಿದರೆ, ಮೇಲಿನವರು ಒಪ್ಪಲಿಲ್ಲವಂತೆ. ಹಾಗಾದರೆ ಪೂರ್ತಿ ಕೆಡಿಸಿಯೇ ತೋರಿಸುತ್ತೇನೆಂದು ಆತ ನೋಯುವ ಹಿಮ್ಮಡಿಗೇ ದಿನವೂ ಭಾರ ಹಾಕಿ ದಂಡಿಸತೊಡಗಿದ. ಹುರಿ ಹರಿಯುವ ಬದಲು ನೋವು ಹೋಯಿತು! ೧೯೯೮ರಲ್ಲಿ ಹದಿನೈದು ಮಂದಿ ಓಟಗಾರರ ಮೇಲೆ ಆ ಕ್ರಮವನ್ನು ಪರೀಕ್ಷಿಸಿ ಪ್ರಕಟಿಸಿದರು. ಹನ್ನೆರಡು ವಾರಗಳಲ್ಲಿ ಹದಿನೈದು ಮಂದಿಯೂ ಮತ್ತೆ ಓಡಿದರು. ನಂತರದ ಪರೀಕ್ಷೆಗಳಲ್ಲಿ ಎಲ್ಲರಿಗೂ ಅಷ್ಟು ಗುಣ ಕಾಣಲಿಲ್ಲವೆಂಬುದನ್ನೂ ಹೇಳಬೇಕು.

ಕ್ರಮ ಇಷ್ಟೆ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಊರಿ ನಿಲ್ಲುವುದು. ಒಳ್ಳೆಯ ಕಾಲಿನ ಬಲದಿಂದ ಮೇಲೇಳುವುದು. ನೋಯುವ ಕಾಲಿನ ಮೇಲೆ ಭಾರ ಬಿಟ್ಟು ಹಿಮ್ಮಡಿಯನ್ನು ಮೆಲ್ಲನೆ ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸುವುದು. ಮೊಣಕಾಲು ನೆಟ್ಟಗಿಟ್ಟು ಹದಿನೈದರಂತೆ ಮೂರು ಸಲ, ಬಾಗಿಸಿ ಮತ್ತೆ ಮೂರು ಸಲ. ಬೆಳಿಗ್ಗೆ ತೊಂಬತ್ತು, ಸಂಜೆ ತೊಂಬತ್ತು. ರಜೆಯಿಲ್ಲ. ಸಲೀಸಾದರೆ ಬೆನ್ನಿಗೆ ಭಾರ ಏರಿಸುವುದು. ನನ್ನ ಚೀಲದಲ್ಲಿ ಐದು ಕಿಲೋ ಅಕ್ಕಿಯಿದೆ. ಹನ್ನೆರಡು ವಾರಕ್ಕೆ ಲೆಕ್ಕ ಹಾಕಿದರೆ ೧೫,೧೨೦ ಸಲ. (ಎಲುಬಿಗೆ ಹುರಿ ಸೇರುವ ಕಡೆಯೇ ನೋವಿದ್ದವರು ನೆಲದ ಮಟ್ಟಕ್ಕಿಂತ ಕೆಳಗೆ ಇಳಿಸಬಾರದು, ಈ ಲೇಖನ ನೋಡಿ ಯಾರೂ ವೈದ್ಯರನ್ನು ಕೇಳದೆ ಮೆಟ್ಟಿಲು ಹತ್ತಬೇಡಿ.) ಓಟವನ್ನು ಪೂರ್ತಿ ಬಿಡಬೇಕಾದ್ದಿಲ್ಲ. ನೋವಿಗೆ ಹತ್ತರಲ್ಲಿ ಅಂಕ ಕೊಟ್ಟುಕೊಂಡು, ಐದು ಮೀರದಂತೆ, ಮರುದಿನದ ಬೆಳಿಗ್ಗೆ ಹಿಂದಿನ ದಿನಕ್ಕಿಂತ ಹೆಚ್ಚದಂತೆ ನೋಡಿಕೊಂಡರೆ ಓಡಬಹುದು.

ಸಾಹಿತ್ಯಕ್ಕೆ ಒಗ್ಗದ ವಸ್ತು ಇದೇ. ಹದಿನೈದು ಸಾವಿರ ಸಲ ಹಿಮ್ಮಡಿ ಇಳಿಸಿದ್ದನ್ನು ಯಾರು ಬರೆದಾರು, ಯಾರು ಓದಿಯಾರು? ಕಥೆಗೆ ಒಂದು ಏರು, ಒಂದು ಇಳಿತ, ಒಂದು ಮುಕ್ತಾಯ ಬೇಕು. ಹಳೆಯ ನೋವಿಗೆ ಮೂರೂ ಇಲ್ಲ. ಅದಕ್ಕಿರುವುದು ನಿನ್ನೆಗಿಂತ ಇವತ್ತು ಅರ್ಧ ಅಂಕ ಕಡಿಮೆ, ಅಥವಾ ಹೆಚ್ಚು. ಮೂವರೂ ತಮ್ಮ ಪುಸ್ತಕ ಬರೆದದ್ದು ಓಟ ಮುಗಿದ ಮೇಲೆ. ಗೆರೆ ದಾಟಿದವನು ಹಿಂತಿರುಗಿ ನೋಡಿದಾಗ ದಾರಿಯ ನೋವೆಲ್ಲ ಗೆರೆಯ ಕಡೆಗೇ ಮುಖಮಾಡಿ ನಿಂತಂತೆ ಕಾಣುತ್ತದೆ. ದಾಟುತ್ತೇನೋ ಇಲ್ಲವೋ ಎಂದು ತಿಳಿಯದವನ ನೋವಿಗೆ ಮುಖವೇ ಇಲ್ಲ.

ನಮ್ಮ ಕಾದಂಬರಿಗಳಲ್ಲಿ ಓಟಗಾರರು ನನಗೆ ಸಿಕ್ಕಿಲ್ಲ. ನಡೆಯುವವರು ಬೇಕಾದಷ್ಟು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಕಾದಂಬರಿಯಲ್ಲಿ ನಾಯಿಗುತ್ತಿ ಹುಲಿಯನೊಡನೆ ಎಷ್ಟು ಗುಡ್ಡ ಹತ್ತಿ ಇಳಿದನೋ ಅಳೆದವರಿಲ್ಲ. ಕಾರಂತರ ‘ಬೆಟ್ಟದ ಜೀವ’ (೧೯೪೩) ದಾರಿ ತಪ್ಪಿ ಕಾಡಿನಲ್ಲಿ ಅಲೆದು ಬಂದವನಿಂದಲೇ ತೊಡಗುತ್ತದೆ. ಅವನಿಗೆ ಆಶ್ರಯ ಕೊಟ್ಟ ಮುದುಕ ಗೋಪಾಲಯ್ಯನವರು ಬೆಟ್ಟವನ್ನು ಹತ್ತಿ ಇಳಿದೇ ಬಾಳು ಕಟ್ಟಿದವರು. ಇವರ ನಡಿಗೆಗೆ ಗಡಿಯಾರವಿಲ್ಲ, ಪದಕವಿಲ್ಲ. ಕೆಲಸವಿದೆ, ಆದ್ದರಿಂದ ನಡೆದರು. ದೇಹವನ್ನು ಪರೀಕ್ಷೆಗೆ ಒಡ್ಡುವ ಹಟದ ಬದಲು ದೇಹದೊಡನೆ ಸಂಸಾರ ಮಾಡುವ ರೀತಿ ಇಲ್ಲಿದೆ. ಹಿಮ್ಮಡಿ ನೋಯುವವನಿಗೆ ಈ ಎರಡು ಪುಸ್ತಕಗಳು ಮುರಕಾಮಿಗಿಂತ ಹತ್ತಿರದವಾಗಿ ಕಂಡವು.

ಹಾಗೆಂದು ಈ ನಡಿಗೆಯನ್ನು ಹೊಗಳಿ ಹಾಡುವುದಕ್ಕೂ ನನಗೆ ನಾಲಿಗೆ ಏಳದು. ಮೊನ್ನೆ ಅದೇ ಅಕ್ಕ ಮತ್ತೆ ಸಿಕ್ಕಿದಳು. ನಾನು ಏರಿನಲ್ಲಿ ಕುಂಟಿಕೊಂಡು ನಡೆಯುತ್ತಿದ್ದೆ.

“ಕಾಲ್ ನೋವಾ ಮೇಷ್ಟ್ರೇ? ನಂಗೂ ಮಂಡಿ ಐದ್ ವರ್ಸದಿಂದ ಹಿಂಗೇ. ಎಣ್ಣೆ ಹಚ್ಕೊಂಡು ಬತ್ತೀನಿ.”

“ಸ್ವಲ್ಪ ದಿನ ರಜಾ ಹಾಕಬಾರದಾ ಅಕ್ಕಾ?”

“ನಿಮ್ಗೆ ಬಿಡಕಾಯ್ತದೆ, ಬಿಟ್ಬಿಡಿ. ನಂಗೆ ಕೂಲಿ ಹೋಯ್ತದೆ” ಎಂದು ನನ್ನನ್ನು ದಾಟಿ ಮೇಲೆ ಹೋದಳು.

ಆ ರಾತ್ರಿ ನಾಲ್ಕನೆಯ ಪುಸ್ತಕವನ್ನು ಓದಿದೆ. ಇಂಗ್ಲೆಂಡಿನ ಅಲನ್ ಸಿಲಿಟೋ ೧೯೫೯ರಲ್ಲಿ ಪ್ರಕಟಿಸಿದ ‘ದಿ ಲೋನ್ಲಿನೆಸ್ ಆಫ್ ದಿ ಲಾಂಗ್ ಡಿಸ್ಟೆನ್ಸ್ ರನ್ನರ್’ ಎಂಬ ಕಥೆ. ಕಳವು ಮಾಡಿ ಸುಧಾರಣಾ ಶಾಲೆಗೆ ಸೇರಿದ ಹುಡುಗನೊಬ್ಬ ಅಲ್ಲಿಯ ಮುಖ್ಯಾಧಿಕಾರಿಗೆ ಕಪ್ ಗೆದ್ದುಕೊಡಲೆಂದು ಅಭ್ಯಾಸ ಮಾಡುತ್ತಾನೆ. ಪಂದ್ಯದ ದಿನ ಎಲ್ಲರಿಗಿಂತ ಮುಂದಿದ್ದವನು ಗೆರೆಯ ಮುಂದೆ ಬೇಕೆಂದೇ ತಡೆದು ಸೋಲುತ್ತಾನೆ. ನಾಲ್ಕರಲ್ಲಿ ನಿಲ್ಲುವುದಕ್ಕೆ ಮರ್ಯಾದೆ ತಂದುಕೊಟ್ಟದ್ದು ಇದೊಂದೇ. ಕಲೆಯ ದೃಷ್ಟಿಯಿಂದಲೂ ಇದೇ ಮೇಲು. ಆದರೂ ಆ ಹುಡುಗನ ನಿಲುಗಡೆ ನನಗೆ ಎರವಲು ಸಿಕ್ಕುವುದಿಲ್ಲ. ಅವನು ಇನ್ನೊಬ್ಬನ ಕಪ್ಪನ್ನು ನಿರಾಕರಿಸಿದ. ನನಗೆ ಕಪ್ ಬೇಕೆಂದವರು ಯಾರೂ ಇಲ್ಲ, ಓಡೆಂದವರೂ ಇಲ್ಲ. ನಿಂತರೆ ಬಂಡಾಯವೂ ಅಲ್ಲ, ಓಡಿದರೆ ಶೌರ್ಯವೂ ಅಲ್ಲ.

ಓಟಕ್ಕೆ ಇನ್ನು ಐದು ವಾರವಿದೆ. ಕಟ್ಟಿದ ಹಣ ಹಿಂದಕ್ಕೆ ಬರುವುದಿಲ್ಲ. ಐವತ್ತಕ್ಕೆ ಬದಲಾಗಿ ಮೂವತ್ತಕ್ಕೆ ಹೆಸರು ಬದಲಾಯಿಸಿಕೊಡಿ ಎಂದು ಪತ್ರ ಬರೆದಿಟ್ಟಿದ್ದೇನೆ, ಕಳುಹಿಸಿಲ್ಲ. ಭಾನುವಾರ ಇಪ್ಪತ್ತೆರಡು ಕಿ.ಮೀ. ಓಡಿ, ಏರುಗಳಲ್ಲೆಲ್ಲ ನಡೆದು ಬಂದೆ. ಸೋಮವಾರ ಬೆಳಿಗ್ಗೆ ಬಚ್ಚಲಿನ ದಾರಿಯಲ್ಲಿ ಹಿಮ್ಮಡಿಗೆ ನಾಲ್ಕು ಅಂಕ ಕೊಟ್ಟೆ, ಇವತ್ತು ಮೂರು. ಸಂಜೆಯ ತೊಂಬತ್ತು ಇನ್ನೂ ಬಾಕಿಯಿದೆ.