ಅಷ್ಟಮುಡಿಗೆ ಬಂದ ಪರದೇಶದ ಚಿಪ್ಪು

ಚಿಪ್ಪುಮೀನು ತಾನಿರುವ ನೀರನ್ನೇ ಸೋಸಿ ಜೀವಿಸುವ ಪ್ರಾಣಿಯಾದುದರಿಂದ, ಮರುವಾಯಿಯೆಂಬ ಚಿಪ್ಪುಮೀನಿನ ಸುಕ್ಕವನ್ನು ಬಲ್ಲ ರಸಜ್ಞರು ಅದನ್ನು ನಾಲಗೆಗಿಡುವ ಮೊದಲೇ ಅದು ಯಾವ ಅಳಿವೆಯದೆಂದು ವಿಚಾರಿಸುವರು. ಆ ದೃಷ್ಟಿಯಿಂದ ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನ ಹೆಸರು ದೊಡ್ಡದು. ಮರಳಿನಲ್ಲಿ ಹುದುಗಿ ಬಾಳುವ ಅಲ್ಲಿನ ಚಿಪ್ಪುಮೀನನ್ನು ಸಂತಾನಕಾಲದಲ್ಲಿ ಮುಟ್ಟದೆ, ಎಳೆಯದನ್ನು ಹೆಕ್ಕದೆ ಕಾಪಾಡಿಕೊಂಡು ಬಂದ ಬೆಸ್ತರ ಸಂಯಮಕ್ಕೆ 2014ರಲ್ಲಿ, ಸುಸ್ಥಿರ ಮೀನುಗಾರಿಕೆಯನ್ನು ಪ್ರಮಾಣೀಕರಿಸುವ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲಿನ ಮಾನ್ಯತೆ ದೊರೆಯಿತು. ಭಾರತದ ಮೀನುಗಾರಿಕೆಗೆ ಸಂದ ಅಂತಹ ಮೊದಲ ಮಾನ್ಯತೆ ಅದು.

ಅಂತಹ ನೀರಿಗೆ ದಕ್ಷಿಣ ಅಮೆರಿಕದ ತೀರಗಳ 'ಚಾರು' ಚಿಪ್ಪು ಬಂದು ಸೇರಿದೆ. ಏಷ್ಯದಲ್ಲಿ ಫಿಲಿಪ್ಪೀನ್ಸ್, ಸಿಂಗಪುರಗಳಲ್ಲಿ ಮೊದಲು ಕಾಣಿಸಿಕೊಂಡ ಇದು ಕೇರಳದಲ್ಲಿರುವುದು 2019ರಲ್ಲಿ ಪ್ರಕಟವಾಯಿತು. ಹಡಗುಗಳು ತೂಕಕ್ಕೆಂದು ಒಡಲಲ್ಲಿ ತುಂಬಿಕೊಳ್ಳುವ ನೀರಿನಲ್ಲಿ ಇದರ ಡಿಂಭಗಳೂ, ಹಡಗಿನ ತಳಕ್ಕಂಟಿ ಬೆಳೆದ ಚಿಪ್ಪುಗಳೂ ಸಾಗರಗಳನ್ನು ದಾಟಬಲ್ಲವು.

ಇದರ ಗೊಂಚಲೊಂದನ್ನು ಅಂಗೈಯಲ್ಲಿಟ್ಟು ನೋಡಬೇಕು. ಕಪ್ಪು, ಕಂದು, ಕೆಲವೊಮ್ಮೆ ಪಚ್ಚಿಲೆಯೆಂಬ ದೇಶೀಯ ಚಿಪ್ಪನ್ನೇ ಹೋಲುವ ಹಸಿರು ಛಾಯೆಯ ತೆಳುಚಿಪ್ಪುಗಳು. ತೆರೆದರೆ ನಸುನೇರಳೆಯ ನುಣುಪಾದ ಒಳಮೈ. ಒಂದರ ಒಡಲಿನಿಂದ ಹೊರಟ ಸಣ್ಣ ನೂಲುಗಳು ಮತ್ತೊಂದರ ಬೆನ್ನನ್ನು ಬಿಗಿದಿರುವುದರಿಂದ, ಒಂದನ್ನು ಎಳೆದರೆ ನಾಲ್ಕು ಜೊತೆಗೇ ಬರುತ್ತವೆ. ಈ ಬಿಗಿತವೇ ಅನರ್ಥಕ್ಕೆ ಮೂಲ. ಹಾಸಿದ ಕಂಬಳಿಯಂತೆ ತಳವನ್ನು ಮುಚ್ಚಿ, ಕೆಸರನ್ನು ತಡೆದು ನಿಲ್ಲಿಸಿ, ಮರಳೊಳಗಿನಿಂದ ನಳಿಕೆ ಚಾಚಿ ನೀರೆಳೆಯುವ ದೇಶೀಯ ಚಿಪ್ಪುಮೀನಿನ ಉಸಿರನ್ನೇ ಇದು ಕಟ್ಟಿಬಿಡುತ್ತದೆ. ಉಪ್ಪು ಹೆಚ್ಚಲಿ, ಮಳೆಗಾಲದಲ್ಲಿ ತಗ್ಗಲಿ, ಎರಡನ್ನೂ ತಾಳಿಕೊಳ್ಳುತ್ತದೆ.

ತಿನ್ನಬಹುದಾದ ವಸ್ತುವಲ್ಲವೆ, ತಿಂದೇ ಮುಗಿಸೋಣವೆಂಬ ಮಾತು ನನಗೆ ಒಪ್ಪಿಗೆಯಾಗದು. ಬೆಲೆ ಬಂದ ಪದಾರ್ಥವನ್ನು ಜನ ಬೆಳೆಸತೊಡಗುವರು. ಬೆಳೆಸಲೆಂದು ಇನ್ನೊಂದು ಅಳಿವೆಗೆ ಒಯ್ಯುವರು. ಹೆಕ್ಕಿದುದನ್ನು ಹೆಕ್ಕಿದಲ್ಲಿಯೇ ಬೇಯಿಸಿ ಉಣ್ಣಲಿ; ಜೀವಂತವಾಗಿ ಸಾಗಿಸುವುದು ಮಾತ್ರ ಸಲ್ಲದು.

ವಿಷ ಹಾಕಿ ಕೊಲ್ಲಬಾರದೇಕೆಂದು ಕೇಳುವವರೂ ಇರಬಹುದು. 1999ರಲ್ಲಿ ಆಸ್ಟ್ರೇಲಿಯದ ಡಾರ್ವಿನ್ ಬಂದರಿನಲ್ಲಿ ಇಂತಹದೇ ಬೇರೊಂದು ಚಿಪ್ಪನ್ನು ಕ್ಲೋರಿನ್, ಮೈಲುತುತ್ತಗಳಿಂದ ನಿರ್ಮೂಲಗೊಳಿಸಿದರು. ಅಲ್ಲಿ ಬಾಗಿಲು ಹಾಕಬಹುದಾದ ದೋಣಿಕಟ್ಟೆಗಳಿದ್ದುವು, ಬೇಗನೆ ಕಂಡುಹಿಡಿದ ಕಣ್ಣುಗಳೂ ಇದ್ದುವು. ತೆರೆದ ಹಿನ್ನೀರಿಗೆ ವಿಷ ಸುರಿಯಲಾಗದು. ಆದುದರಿಂದ ಬೇರೆ ಅಳಿವೆಗಳಿಗೆ ಹರಡದಂತೆ ತಡೆಯುವುದೇ ದಾರಿ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರಿಗೆ ಈ ಗೊಂಚಲನ್ನು ಗುರುತಿಸಲು ಈಗಲೇ ಕಲಿಸತಕ್ಕದ್ದು. ಬೇರೆ ಅಳಿವೆಯಿಂದ ಬಂದ ದೋಣಿಯ ತಳವನ್ನು ದಡದಲ್ಲಿ ಕೆರೆದು ಒಣಗಿಸಿದ ಹೊರತು ನೀರಿಗಿಳಿಸಕೂಡದು.