ಬೀಳಗಿಯ ದನಿ, ಬೊಂಬಾಯಿಯ ತೆರೆ: ಅಮೀರ್‌ಬಾಯಿ ಕರ್ನಾಟಕಿಯ ಕಲಾಜೀವನ

ಅಮೀರ್‌ಬಾಯಿ ಕರ್ನಾಟಕಿಯವರನ್ನು ಕನ್ನಡ ರಂಗಚರಿತ್ರೆಯ ಲೇಖಕರು ಬಹುಮಟ್ಟಿಗೆ ಹಿಂದಿ ಚಿತ್ರಸಂಗೀತಕ್ಕೆ ಬಿಟ್ಟುಕೊಟ್ಟಿದ್ದಾರೆ. ಹಿಂದಿ ಚಿತ್ರಸಂಗೀತವನ್ನು ಕುರಿತು ಬರೆದವರು ಅವರ ರಂಗಭೂಮಿಯ ಹಿನ್ನೆಲೆಯನ್ನು ಒಂದೆರಡು ಮಾತುಗಳಲ್ಲಿ ಮುಗಿಸಿದ್ದಾರೆ. ಇದರಿಂದಾಗಿ ಆಕೆ ಎರಡೂ ಕಡೆ 'ಗಾಯಕಿ'ಯಾಗಿ ಮಾತ್ರ ಉಳಿದರು. ರಂಗದಲ್ಲಿ ರೂಪುಗೊಂಡ ನಟಿಯೊಬ್ಬಳು ಚಲನಚಿತ್ರದಲ್ಲಿ ಏನಾದಳು ಎಂಬ ಪ್ರಶ್ನೆ ಹಿಂದೆ ಸರಿಯಿತು. ರಹಮತ್ ತರೀಕೆರೆಯವರು ಬರೆದ ಜೀವನಚರಿತ್ರೆಯಿಂದಾಗಿ ಕನ್ನಡದಲ್ಲಿ ಈ ಮೌನ ಒಂದಿಷ್ಟು ಮುರಿದಿದ್ದರೂ ವಿಮರ್ಶೆಯ ಕೆಲಸ ಇನ್ನೂ ಉಳಿದಿದೆ.

ಮಹಾಲಿಂಗಪುರ, ಮುಧೋಳ, ಜಮಖಂಡಿ, ಬೀಳಗಿಗಳ ಸೀಮೆಯನ್ನು ಬಿಟ್ಟು ಈ ಪ್ರಶ್ನೆಯನ್ನು ಬಿಡಿಸಲಾಗದು. ಘೋರ್ಪಡೆಯವರ ಮುಧೋಳ, ಪಟವರ್ಧನರ ಜಮಖಂಡಿ ಸಂಸ್ಥಾನಗಳಲ್ಲಿ ಮರಾಠಿಗೆ ಆಸ್ಥಾನದ ಮನ್ನಣೆಯಿತ್ತು. ಬೀಳಗಿಯಾದರೋ ಬೊಂಬಾಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಜಾತ್ರೆಗಳಲ್ಲಿ ಬೆಳಗಿನವರೆಗೂ ನಡೆಯುತ್ತಿದ್ದ ಶ್ರೀಕೃಷ್ಣ ಪಾರಿಜಾತ ಈ ಜನರ ಸ್ವಂತ ಆಟ. ಅಪರಾಳ ತಮ್ಮಣ್ಣನ ಕೃತಿಗೆ ಕುಲಗೋಡ ತಮ್ಮಣ್ಣನು ಆಟದ ರೂಪ ಕೊಟ್ಟನು. ಕೌಜಲಗಿ ನಿಂಗಮ್ಮ ಇದೇ ಆಟದಲ್ಲಿ ಹೆಣ್ಣುಮಗಳೂ ರಂಗದ ಮುಂದಾಳಾಗಬಲ್ಲಳೆಂದು ತೋರಿಸಿದರು. ಇದರ ಜೊತೆಗೇ ಮರಾಠಿ ಸಂಗೀತ ನಾಟಕದ ಆಕರ್ಷಣೆಯೂ ಬೆಳೆಯುತ್ತ ಬಂದಿತ್ತು. ಬೀಳಗಿಯ ಅಮೀರ್‌ಬಾಯಿ ಹಾಗೂ ಅಕ್ಕ ಗೋಹರಬಾಯಿ ಹಾಡು ಮತ್ತು ನಾಟಕಗಳನ್ನೇ ನಂಬಿ ಬದುಕಿದ ಮುಸ್ಲಿಂ ಮನೆತನದವರು. ಇಲ್ಲಿಯ ರಂಗದಲ್ಲಿ ಹಾಡುವ ಬಾಯಿಯೂ ಅಭಿನಯಿಸುವ ಮೈಯೂ ಬೇರೆಬೇರೆಯಲ್ಲ. ಪಾತ್ರ ಯಾರದೋ ಪದವೂ ಅವರದೇ.

ಈ ಐಕ್ಯವನ್ನು ತಂತ್ರಜ್ಞಾನ ಒಡೆದ ಕಾಲದಲ್ಲಿಯೇ ಅಮೀರ್‌ಬಾಯಿ ಬೊಂಬಾಯಿಯಲ್ಲಿದ್ದರು ಎಂಬುದು ಅವರ ವೃತ್ತಿಜೀವನದ ತಿರುಳು. 1934ರ 'ವಿಷ್ಣುಭಕ್ತಿ'ಯ ಮೂಲಕ, ಅಕ್ಕನ ನೆರವಿನಿಂದ, ಆಕೆ ಚಿತ್ರರಂಗ ಪ್ರವೇಶಿಸಿದಾಗ ತೆರೆಯ ಮೇಲಿನ ನಟಿ ತನ್ನ ಹಾಡನ್ನು ತಾನೇ ಹಾಡಬೇಕಿತ್ತು. ಮರುವರ್ಷವೇ, 1935ರಲ್ಲಿ, ನ್ಯೂ ಥಿಯೇಟರ್ಸ್ 'ಧೂಪ್ ಛಾಂವ್' ಚಿತ್ರದಲ್ಲಿ ಹಿನ್ನೆಲೆ ಗಾಯನವನ್ನು ಬಳಕೆಗೆ ತಂದಿತು. 1940ರ 'ನರಸಿ ಭಗತ್'ದಲ್ಲಿ ಆಕೆ ವಿಷ್ಣುಪಂತ ಪಾಗನೀಸರೊಡನೆ ಹಾಡಿದರು. ಪಾಗನೀಸರೂ ಮರಾಠಿ ರಂಗದಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾದವರು. ಆ ಸೇರುವೆಯಲ್ಲಿ ಹಳೆಯ ರಂಗಸಂಸ್ಕಾರ ಇನ್ನೂ ಉಸಿರಾಡುತ್ತಿತ್ತು. ಮೂರೇ ವರ್ಷಗಳ ತರುವಾಯ, 1943ರ 'ಕಿಸ್ಮತ್'ದಲ್ಲಿ, ಚಿತ್ರಣ ಬದಲಾಯಿತು. ಬಾಂಬೆ ಟಾಕೀಸಿನ ಈ ಚಿತ್ರಕ್ಕೆ ಅನಿಲ್ ಬಿಸ್ವಾಸರ ಸಂಗೀತವಿತ್ತು. ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ತೆರೆಯ ಮೇಲೆ ಕಂಡ ಮುಖ ಮುಮ್ತಾಜ್ ಶಾಂತಿಯದು, ಕೇಳಿದ ದನಿ ಅಮೀರ್‌ಬಾಯಿಯದು. ದೇಶವೆಲ್ಲ ಆ ದನಿಯನ್ನು ಬಲ್ಲುದಾಯಿತು. ದನಿಯ ಒಡತಿಯ ಅಭಿನಯವನ್ನು ಬಲ್ಲವರು ಕಡಿಮೆಯಾದರು. ಅವರ ಅತಿ ದೊಡ್ಡ ಯಶಸ್ಸೇ ಅವರೊಳಗಿನ ನಟಿಗೆ ತೆರೆಯೆಳೆದಿತೆನ್ನಬೇಕು.

ಆದರೂ ಆ ಗಾಯನದಲ್ಲಿ ನಟಿ ಅಳಿದಿಲ್ಲ. ತೆರೆದ ಕಂಠ, ಶಬ್ದದ ಮೇಲಿನ ಒತ್ತು, ಸಾಲಿನ ಕೊನೆಯನ್ನು ಮಾತಿನಂತೆ ಇಳಿಸುವ ಬಗೆ, ಇವು ಧ್ವನಿವರ್ಧಕವಿಲ್ಲದ ರಂಗಮಂದಿರದ ಕೊನೆಯ ಸಾಲಿಗೆ ಮುಟ್ಟಬೇಕಾಗಿದ್ದ ದನಿಯ ಗುಣಗಳು. 1940ರ ದಶಕದ ಕೊನೆಗೆ ಲತಾ ಮಂಗೇಶಕರರ ತೆಳುವಾದ, ಮೈಕಿಗೆ ಹೊಂದಿದ ಸ್ವರ ಮಾದರಿಯಾದಾಗ ಅಮೀರ್‌ಬಾಯಿಯವರ ಶೈಲಿ ಹಳತೆನಿಸಿತು. ಇದನ್ನು ಪ್ರತಿಭೆಯ ಇಳಿತವೆಂದು ತಿಳಿಯುವುದು ಸರಿಯಲ್ಲ. ಕೇಳುವ ಕಿವಿಯೇ ಬದಲಾಯಿತು. 1948ರಲ್ಲಿ ಆಕೆ 'ಶಹನಾಜ್' ಚಿತ್ರಕ್ಕೆ ಸಂಗೀತ ನಿರ್ದೇಶನ ಮಾಡಿದರು. ಮುಂದೆ ಪೋಷಕ ಪಾತ್ರಗಳಿಗೆ ಮರಳಿದರು. ನಟ ಹಿಮಾಲಯವಾಲಾನೊಡನೆ ನಡೆದ ಕಹಿ ದಾಂಪತ್ಯವನ್ನೇ ಹಿಗ್ಗಲಿಸುವ ಬರಹಗಳು ಈ ಮರಳುವಿಕೆಯನ್ನು ಗಮನಿಸಿಲ್ಲ.

ಗೋಹರಬಾಯಿಯ ಗತಿ ಬೇರೆ ಬಗೆಯದು. 1913ರಲ್ಲಿ ಹುಟ್ಟಿದ ಗಂಧರ್ವ ನಾಟಕ ಮಂಡಳಿಯಲ್ಲಿ ನಾಯಕಿಯೆಂದರೆ ಬಾಲಗಂಧರ್ವರೇ. 1930ರ ದಶಕದ ಉತ್ತರಾರ್ಧದಲ್ಲಿ ಗೋಹರ ಆ ಮಂಡಳಿ ಸೇರಿ ಸ್ತ್ರೀಪಾತ್ರಗಳನ್ನು ವಹಿಸಿದರು, ಗಂಧರ್ವರು ಪುರುಷಪಾತ್ರಗಳತ್ತ ಹೊರಳಿದರು. 1951ರಲ್ಲಿ ಅವರಿಬ್ಬರ ವಿವಾಹವಾಯಿತು. ಗಂಧರ್ವರ ಆರಾಧಕರಲ್ಲಿ ಅನೇಕರು ಈ ಸಂಬಂಧವನ್ನು ಅವರ ಅವನತಿಯ ಕಾರಣವಾಗಿ ಕಂಡರು. ಗಂಡಸು ಕಟ್ಟಿದ ಹೆಣ್ತನವನ್ನು ಆದರ್ಶವೆಂದು ಒಪ್ಪಿದ ಪ್ರೇಕ್ಷಕವರ್ಗಕ್ಕೆ ಆ ಜಾಗದಲ್ಲಿ ನಿಜವಾದ ಹೆಣ್ಣು, ಅದರಲ್ಲಿಯೂ ಕನ್ನಡ ಸೀಮೆಯ ಮುಸ್ಲಿಂ ಕಲಾವಿದೆ, ನಿಂತದ್ದು ಸಹಿಸಲಾಗದ ಸಂಗತಿಯಾಗಿರಬೇಕು. ಮಂಡಳಿಯ ಸಾಲ, ಮಾತನಾಡುವ ಚಿತ್ರಗಳ ಸ್ಪರ್ಧೆ, 1935ರಲ್ಲಿ ಸ್ವತಃ ಗಂಧರ್ವರೇ 'ಧರ್ಮಾತ್ಮಾ' ಚಿತ್ರಕ್ಕಾಗಿ ಪ್ರಭಾತ್ ಸಂಸ್ಥೆಗೆ ಹೋದದ್ದು, ಇವೆಲ್ಲ ಗೋಹರ ಬರುವ ಮೊದಲಿನ ಮಾತುಗಳೆಂಬುದನ್ನು ಆಪಾದಿಸುವವರು ಮರೆಯುತ್ತಾರೆ.

ತಂಗಿ ಹಿನ್ನೆಲೆ ಗಾಯನದ ಮರೆಗೆ ಸರಿದರೆ, ಅಕ್ಕ ಮಹಾನಟನೊಬ್ಬನ ನೆರಳಿಗೆ ಸರಿದಳು. ಇಬ್ಬರೂ ಹೆಸರಿನ ಜೊತೆಗೆ 'ಕರ್ನಾಟಕಿ' ಎಂಬುದನ್ನು ಕೊನೆಯವರೆಗೂ ಉಳಿಸಿಕೊಂಡರು. ಕರ್ನಾಟಕವೆಂಬ ಹೆಸರಿನ ರಾಜ್ಯ 1973ರಲ್ಲಿ ಬಂತು. ಅಮೀರ್‌ಬಾಯಿ 1965ರಲ್ಲಿಯೇ ತೀರಿಕೊಂಡಿದ್ದರು. ವಿಜಾಪುರದಲ್ಲಿ ಅವರ ಮನೆತನದವರು ನಡೆಸಿದ ಚಿತ್ರಮಂದಿರಕ್ಕೆ ಅಮೀರ್ ಟಾಕೀಸ್ ಎಂದು ಹೆಸರು.