ಬಾಲದಡಿಯ ತೊಟ್ಟಿಲು

ಮಾರ್ಬಲ್ಡ್ ಕ್ರೇಫಿಶ್ ಸಾಕಿದವರಿಗೆ ಗಂಡು ಹುಡುಕುವ ಗೋಜಿಲ್ಲ. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂಗಳಲ್ಲಿ ಕಾಣಿಸಿಕೊಂಡ, ಸೀಗಡಿಯಂಥ ಈ ಸಿಹಿನೀರಿನ ಜೀವಿಯಲ್ಲಿ ಇರುವುದೆಲ್ಲ ಹೆಣ್ಣೇ; ಮರಿಗಳು ತಾಯಿಯ ತದ್ರೂಪು. ನನ್ನನ್ನು ಮರುಳುಮಾಡುವುದು ಮಾತ್ರ ಅದರ ಆರೈಕೆ. ಮೊಟ್ಟೆಗಳ ಗೊಂಚಲನ್ನು ಬಾಲದಡಿ ಅಂಟಿಸಿಕೊಂಡು, ಪುಟ್ಟ ಈಜುಗಾಲುಗಳನ್ನು ಬೀಸುತ್ತಾ ಸದಾ ಹೊಸ ನೀರು ಹಾಯಿಸುತ್ತದೆ. ಕೆಟ್ಟ ಮೊಟ್ಟೆಯನ್ನು ಹಿಂಗಾಲಿನ ತುದಿಯಿಂದ ಹೆಕ್ಕಿ ತೆಗೆಯುತ್ತದೆ. ಒಡೆದು ಬಂದ ಮರಿಗಳೂ ಎರಡು ಬಾರಿ ಪೊರೆ ಕಳಚುವವರೆಗೆ ಅಲ್ಲೇ ಜೋತುಬಿದ್ದಿರುತ್ತವೆ. ಆಗ ತಾಯಿಯನ್ನು ಕೆಣಕಲೇಬಾರದು.

ಮರಿಗಳು ಇಳಿದ ಮೇಲೆ ನಮ್ಮ ಕೆಲಸ ಶುರು. ನೀರುಗಿಡ, ಒಣಗಿದ ಕಾಡುಬಾದಾಮಿ ಎಲೆ, ಪೈಪಿನ ತುಂಡು, ಹೀಗೆ ಅಡಗಲು ಜಾಗ ಎಷ್ಟಿದ್ದರೂ ಸಾಲದು. ಪೊರೆ ಬಿಟ್ಟ ಮರಿ ಮೆತ್ತಗಿರುತ್ತದೆ, ಒಡಹುಟ್ಟಿದವೇ ತಿಂದುಬಿಡುತ್ತವೆ. ಕಳಚಿದ ಪೊರೆ ಎಸೆಯಬೇಡಿ. ಅದರ ಸುಣ್ಣ ಅವಕ್ಕೇ ಬೇಕು. ಹೆಚ್ಚಾದವನ್ನು ಕೆರೆಗೆ ಬಿಡುವುದಂತೂ ಬೇಡವೇ ಬೇಡ: ಮಡಗಾಸ್ಕರ್‌ನ ಹೊಳೆ, ಗದ್ದೆಗಳಲ್ಲಿ ಇದೇ ಕ್ರೇಫಿಶ್ ಹಬ್ಬಿಬಿಟ್ಟಿದೆ.